ಮುಟ್ಟು ನಿಲ್ಲುವ ಕಾಲದ ಮದ್ದು ಬದಲಾದಾಗ

(ಸೊರಬ ತಾಲ್ಲೂಕು ಕುಬಟೂರಿನಲ್ಲಿ ಸೇರಿದ್ದ ದುಡಿಯುವ ಹೆಂಗಸರ ಸಭೆಯಲ್ಲಿ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ. ಅವರ ಅಪೇಕ್ಷೆಯಂತೆ ಹೆಸರನ್ನು ಕೊಟ್ಟಿಲ್ಲ. — ಸಂ.)



ಈ ಸಭೆಗೆ ಗಂಡಸರು ಬರಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಮಾತಾಡುವ ವಿಷಯ ಏನೆಂಬುದು ಕಿವಿಗೆ ಬಿದ್ದ ಕೂಡಲೆ ಬಂದವರಲ್ಲಿ ಅರ್ಧ ಜನ ಎದ್ದು ಕೈಟಭೇಶ್ವರನ ಗುಡಿಯ ಕಡೆಗೆ ನಡೆದುಬಿಟ್ಟರು. ಉಳಿದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಕೂತಿರಲಿ. ಅವರ ಮನೆಯಲ್ಲೂ ಹೆಂಡತಿ ಇದ್ದಾಳೆ, ಅಕ್ಕ ಇದ್ದಾಳೆ. ರಾತ್ರಿ ಎರಡು ಗಂಟೆಗೆ ಎದ್ದು ಜಗುಲಿಗೆ ಬಂದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುವವಳು ಯಾಕೆ ಹಾಗೆ ಮಾಡುತ್ತಾಳೆಂದು ಅವರಿಗೂ ತಿಳಿಯಲಿ.

ಹೆರಿಗೆಯ ಬಗ್ಗೆ ನಮ್ಮ ಊರುಗಳಲ್ಲಿ ಬೇಕಾದಷ್ಟು ಸಭೆಗಳಾಗಿವೆ. ಮಕ್ಕಳಾಗದಂತೆ ಮಾಡಿಸಿಕೊಳ್ಳುವ ಆಪರೇಷನ್ನಿನ ಬಗ್ಗೆ ಇನ್ನೂ ಹೆಚ್ಚು ಆಗಿವೆ. ಮುಟ್ಟು ನಿಲ್ಲುವ ಕಾಲದ ಬಗ್ಗೆ ಒಂದು ಸಭೆ ನಡೆದದ್ದನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಹೆರುವ ತನಕ ಹೆಂಗಸಿನ ಮೇಲೆ ಎಲ್ಲರ ಕಣ್ಣು. ಹೆರುವುದು ಮುಗಿಯಿತೆಂದರೆ ಅವಳು ಲೆಕ್ಕದಿಂದಲೇ ಹೊರಗೆ. ಇದು ಸಿಟ್ಟಿನಲ್ಲಿ ಆಡುತ್ತಿರುವ ಮಾತಲ್ಲ. 2019ರಿಂದ 2021ರವರೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ನಡೆಯಿತು. ಅದರಲ್ಲಿ ಹೆಂಗಸರನ್ನು ಕೂರಿಸಿಕೊಂಡು ಕೇಳುವ ಪ್ರಶ್ನಾವಳಿ 15ರಿಂದ 49 ವರ್ಷದವರಿಗೆ ಮಾತ್ರ. ಐವತ್ತಕ್ಕೆ ಕಾಲಿಟ್ಟವಳ ಹತ್ತಿರ, ತಾಯಿ, ನಿನ್ನ ಮೈ ಹೇಗಿದೆ ಎಂದು ಆ ಪ್ರಶ್ನಾವಳಿ ಕೇಳುವುದಿಲ್ಲ.

ನಾನಿಂದು ಮುಟ್ಟು ನಿಲ್ಲುವ ಸಂಗತಿಯನ್ನೆಲ್ಲ ಹೇಳಲು ಬಂದಿಲ್ಲ. ಅದಕ್ಕೆ ಒಂದು ದಿನ ಸಾಲದು. ಆ ಕಾಲದ ಕಷ್ಟಕ್ಕೆ ಕೊಡುವ ಹಾರ್ಮೋನು ಮದ್ದನ್ನು ನಡುವೆ ಬದಲಾಯಿಸಿದಾಗ ಏನಾಗುತ್ತದೆ, ಆಗ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಇಂದಿನ ಮಾತು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಈ ಸಣ್ಣ ವಿಷಯ ಗೊತ್ತಿಲ್ಲದೆ ನಾನು ನನ್ನ ಗರ್ಭಚೀಲವನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಮೊದಲು ಈ ಕಾಲದಲ್ಲಿ ಮೈಯೊಳಗೆ ನಡೆಯುವುದೇನೆಂದು ನೋಡೋಣ. ಮುಟ್ಟು ಒಂದು ದಿನ ಥಟ್ಟನೆ ನಿಲ್ಲುವುದಿಲ್ಲ. ನಿಲ್ಲುವ ಮುಂಚೆ ನಾಲ್ಕಾರು ವರ್ಷ ಹಿಂದುಮುಂದಾಗುತ್ತದೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳು ಹುಟ್ಟುತ್ತವೆ. ಇವು ಈ ವರ್ಷಗಳಲ್ಲಿ ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತವೆಂದು ನಾನು ತಿಳಿದಿದ್ದೆ. ಹಾಗಲ್ಲ. ಕೆರೆ ಬತ್ತುವುದಾದರೆ ದಿನಕ್ಕಿಷ್ಟು ಎಂದು ಬತ್ತುತ್ತದೆ; ಗದ್ದೆಯವನು ಅದಕ್ಕೆ ತಕ್ಕ ಬೆಳೆ ಹಿಡಿಯುತ್ತಾನೆ. ಆದರೆ ತೂಬಿನ ಬಳಿ ತಲೆಕೆಟ್ಟವನೊಬ್ಬ ಕೂತು ಇವತ್ತು ಬದು ಕೊಚ್ಚಿಹೋಗುವಷ್ಟು ನೀರು ಬಿಟ್ಟು, ನಾಳೆ ಬಿಗಿದು ನೆಲ ಬಿರಿಯುವಂತೆ ಮಾಡಿದರೆ ಹೇಗೆ? ಈ ವರ್ಷಗಳಲ್ಲಿ ನಡೆಯುವುದು ಅದು. ಒಂದು ತಿಂಗಳು ಹದಿನೈದು ದಿನಕ್ಕೇ ಮುಟ್ಟು. ಮುಂದೆ ಮೂರು ತಿಂಗಳು ಸುದ್ದಿಯಿಲ್ಲ. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬೆಂಕಿಯ ಝಳ ಏರಿದ ಹಾಗಾಗಿ, ಎರಡು ನಿಮಿಷದಲ್ಲಿ ಬೆವರು ಸುರಿದು ಚಳಿ ಹತ್ತುತ್ತದೆ. ನಿದ್ದೆ ಹೋಗುತ್ತದೆ. ಎದೆ ಡವಡವ ಎನ್ನುತ್ತದೆ. ಗಂಟುಗಳು ಹಿಡಿಯುತ್ತವೆ. ಕಾರಣವಿಲ್ಲದೆ ಅಳು ಬರುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ಮಾತ್ರ ಅದು ನಿಂತಿತೆಂದು ಡಾಕ್ಟರರು ಹೇಳುತ್ತಾರೆ. ಪಶ್ಚಿಮದ ದೇಶಗಳಲ್ಲಿ ಅದು ಸರಾಸರಿ 51ನೆಯ ವಯಸ್ಸಿಗೆ, ನಮ್ಮ ದೇಶದಲ್ಲಿ 46-47ಕ್ಕೆ.

ಎಷ್ಟೋ ಜನ ಹೆಂಗಸರು ಯಾವ ಮದ್ದೂ ಇಲ್ಲದೆ ಇದನ್ನು ದಾಟುತ್ತಾರೆ. ದಾಟಬಲ್ಲವರು ದಾಟಲಿ, ಎಲ್ಲರೂ ಮಾತ್ರೆ ನುಂಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೆಸರುಗದ್ದೆಯಲ್ಲಿ ಬಗ್ಗಿ ಸಸಿ ನೆಡುವಾಗ ದಿನಕ್ಕೆ ಹತ್ತು ಸಲ ಮೈಗೆ ಬೆಂಕಿ ಹತ್ತಿದಂತಾಗಿ, ರಾತ್ರಿ ಒಂದು ಗಂಟೆಯ ನಿದ್ದೆಯೂ ಇಲ್ಲದೆ, ಬೆಳಿಗ್ಗೆ ಮತ್ತೆ ಒಲೆಯ ಮುಂದೆ ಕೂರುವವಳಿಗೆ, ಸಹಿಸಿಕೋ, ಎಲ್ಲರಿಗೂ ಆಗುವುದೇ ಎಂದು ಬುದ್ಧಿ ಹೇಳುವುದು ಸುಲಭ. ಹೇಳುವವರು ಸಾಮಾನ್ಯವಾಗಿ ಚೆನ್ನಾಗಿ ನಿದ್ದೆ ಮಾಡಿರುತ್ತಾರೆ.

ನನ್ನ ಕಥೆಗೆ ಬರುತ್ತೇನೆ. ನನಗೆ ಇದು ಶುರುವಾದಾಗ 46 ವರ್ಷ. ತರಗತಿಯಲ್ಲಿ ಪಾಠ ಹೇಳುತ್ತ ಹೇಳುತ್ತ ಬೆವರಿಳಿದು ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ಮಕ್ಕಳಿಗೆ ಎಂದೂ ಕೈ ಎತ್ತದವಳು ಒಂದು ದಿನ ಒಬ್ಬ ಹುಡುಗನ ಮೇಲೆ ಕೈ ಎತ್ತಿದೆ. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅಕ್ಕೋರಿಗೆ ಏನೋ ಆಗಿದೆ ಎಂದು ಮಕ್ಕಳೇ ಆಡಿಕೊಳ್ಳುವಂತಾದ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಒಬ್ಬ ಡಾಕ್ಟರಮ್ಮನನ್ನು ಕಂಡೆ. ಅವರು ರಕ್ತ ಪರೀಕ್ಷೆ, ಎದೆಯ ಪರೀಕ್ಷೆ, ಸ್ಕ್ಯಾನಿಂಗು ಎಲ್ಲ ಮಾಡಿಸಿ ಹಾರ್ಮೋನು ಮಾತ್ರೆ ಬರೆದುಕೊಟ್ಟರು. ದಿನವೂ ಈಸ್ಟ್ರೋಜನ್ನಿನ ಮಾತ್ರೆ. ತಿಂಗಳಲ್ಲಿ ಹನ್ನೆರಡು ದಿನ ಅದರ ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಇನ್ನೊಂದು ಮಾತ್ರೆ. ಆ ಎರಡನೆಯದು ಮುಗಿದ ಮೇಲೆ ತಿಂಗಳಿಗೊಮ್ಮೆ ಮುಟ್ಟಿನಂತೆ ಸ್ರಾವ ಆಗುತ್ತದೆಂದೂ ಹೇಳಿದರು.

ಇಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲಿ ಮುಟ್ಟು ನಿಂತಿತೆಂದರೆ ಹೆಂಗಸಿಗೆ ಒಂದು ಬಿಡುಗಡೆ. ಹೊರಗೆ ಕೂರುವುದು ತಪ್ಪಿತು, ದೇವರ ಮನೆಗೆ ಯಾವಾಗ ಬೇಕಾದರೂ ಹೋಗಬಹುದು, ಹಬ್ಬದ ದಿನ ಹಿಂದುಮುಂದು ನೋಡಬೇಕಿಲ್ಲ. ನನ್ನ ಅತ್ತೆ, ನಿಲ್ಲಬೇಕಾದ್ದನ್ನು ದುಡ್ಡು ಕೊಟ್ಟು ತರಿಸಿಕೊಂಡೆಯಾ ಎಂದು ಕೇಳಿದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಕಾಲದಲ್ಲಿ ಸಿಕ್ಕಿದ್ದ ಒಂದೇ ಬಿಡುಗಡೆ ಅದು. ಹೊರಗೆ ಕೂರಿಸುವ ಪದ್ಧತಿಯೇ ತಪ್ಪು ಎಂಬುದು ಬೇರೆ ಮಾತು; ಆದರೆ ಎಷ್ಟೋ ಜನ ಈ ಮದ್ದನ್ನು ಒಂದೇ ತಿಂಗಳಿಗೆ ಬಿಡುವುದು ಇದೇ ಕಾರಣಕ್ಕೆ, ಮತ್ತು ಅದನ್ನು ಅವರು ಯಾವ ಡಾಕ್ಟರರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ಮಾತ್ರೆಯಿಂದ ನನಗೆ ಜೀವ ಬಂತು. ಮೂರು ವಾರದಲ್ಲಿ ನಿದ್ದೆ ಹತ್ತಿತು. ಎರಡು ತಿಂಗಳಲ್ಲಿ ಝಳ ಹೆಚ್ಚುಕಡಿಮೆ ನಿಂತಿತು. ಹಾಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ಒಂದು ಸಲ ತೋರಿಸಲು ಹೋದಾಗ ಬಿ.ಪಿ. ಏರಿತ್ತು, ತೂಕವೂ ಏರಿತ್ತು. ನುಂಗುವ ಮಾತ್ರೆ ಇನ್ನು ಬೇಡ, ಚರ್ಮಕ್ಕೆ ಹಚ್ಚುವ ಜೆಲ್ ಕೊಡುತ್ತೇನೆ ಎಂದರು. ಅದರ ಜೊತೆಗೆ ಬೇರೆ ಪ್ರೊಜೆಸ್ಟರಾನ್ ಗುಳಿಗೆ, 200 ಮಿಲಿಗ್ರಾಮಿನದು, ತಿಂಗಳಲ್ಲಿ ಹನ್ನೆರಡು ರಾತ್ರಿ. ಹೊರಗೆ ಬಾಗಿಲಲ್ಲಿ ನಲವತ್ತು ಜನ ಕಾದಿದ್ದರು. ನನಗೆ ಸಿಕ್ಕಿದ್ದು ಎರಡು ನಿಮಿಷ. ಯಾಕೆ ಬದಲಾಯಿಸಿದರು, ಹೇಗೆ ಹಚ್ಚಬೇಕು, ಏನೇನು ಆಗಬಹುದು ಎಂಬುದೆಲ್ಲ ಆ ಎರಡು ನಿಮಿಷದಲ್ಲಿ ಮುಗಿಯಿತು.

ಯಾಕೆ ಎಂಬುದನ್ನು ನಾನು ಆಮೇಲೆ ಕೇಳಿ ತಿಳಿದೆ, ನಿಮಗೆ ಈಗಲೇ ಹೇಳುತ್ತೇನೆ. ನುಂಗಿದ ಈಸ್ಟ್ರೋಜನ್ ಕರುಳಿನಿಂದ ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿ ಅದು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಆದ್ದರಿಂದ ಮಾತ್ರೆ ನುಂಗುವವರಲ್ಲಿ ಕಾಲಿನ ನಾಳದಲ್ಲಿ, ಶ್ವಾಸಕೋಶದಲ್ಲಿ ರಕ್ತ ಗಡ್ಡೆಕಟ್ಟುವ ಅಪಾಯ ಸ್ವಲ್ಪ ಹೆಚ್ಚು. ಚರ್ಮದ ಮೂಲಕ ಹೋಗುವ ಜೆಲ್ಲಾಗಲಿ ಅಂಟಿಸುವ ಪಟ್ಟಿಯಾಗಲಿ ಸಾಮಾನ್ಯ ಪ್ರಮಾಣದಲ್ಲಿ ಆ ಅಪಾಯವನ್ನು ಹೆಚ್ಚಿಸಿದ್ದು ಕಂಡುಬಂದಿಲ್ಲ. ತೂಕ ಹೆಚ್ಚಿದ್ದವರಿಗೆ, ಬಿ.ಪಿ. ಇದ್ದವರಿಗೆ, ಅರೆತಲೆನೋವು ಇದ್ದವರಿಗೆ ಅದಕ್ಕಾಗಿಯೇ ಅದನ್ನು ಕೊಡುವುದು. ಡಾಕ್ಟರಮ್ಮ ಮಾಡಿದ ಬದಲಾವಣೆ ಸರಿಯಾಗಿಯೇ ಇತ್ತು. ಕೆಟ್ಟದ್ದು ನಾನು ಅದನ್ನು ಬಳಸಿದ ರೀತಿ.

ನಾನು ಏನು ಮಾಡಿದೆ ಕೇಳಿ. ಬೆಳಿಗ್ಗೆ ಎದ್ದ ಕೂಡಲೆ ಜೆಲ್ಲನ್ನು ತೋಳಿಗೆ ಹಚ್ಚಿ, ಕಾಲು ಗಂಟೆಯಲ್ಲಿ ಬಚ್ಚಲಿಗೆ ಹೋಗಿ ಮಿಂದು ಬರುತ್ತಿದ್ದೆ. ಮದ್ದಿನ ಬಹುಪಾಲು ಬಚ್ಚಲ ನೀರಿನ ಜೊತೆ ತೋಟಕ್ಕೆ ಹೋಯಿತು. ಇನ್ನು ಗುಳಿಗೆ. ಅದು ಅಡಿಕೆ ಕೊಯ್ಲಿನ ಕಾಲ; ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಸುಲಿಯಲು ಕೂರಬೇಕು. ನಾನು ಹೊಟ್ಟೆ ತುಂಬ ಉಂಡು, ಗುಳಿಗೆ ನುಂಗಿ, ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆ. ಅರ್ಧ ಗಂಟೆಯಲ್ಲಿ ತಲೆ ಗಿರ್ರೆನ್ನುತ್ತಿತ್ತು. ಒಂದು ರಾತ್ರಿ ಕೈ ಕೊಯ್ದುಕೊಂಡೆ. ಈ ಗುಳಿಗೆಯೇ ಶನಿ ಎಂದು ನಾಲ್ಕನೆಯ ರಾತ್ರಿಗೆ ಬಿಟ್ಟೆ. ಝಳ ತಡೆಯುವುದು ಈಸ್ಟ್ರೋಜನ್ ತಾನೆ, ಅದನ್ನು ಹಚ್ಚುತ್ತಿದ್ದೇನಲ್ಲ, ಈ ಗುಳಿಗೆ ಯಾಕೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮೂವತ್ತು ಮಕ್ಕಳಿಗೆ ಪಾಠ ಹೇಳುವವಳ ಬುದ್ಧಿ ಇದು.

ಎರಡನೆಯ ವಾರಕ್ಕೆ ಝಳ ಮರಳಿ ಬಂತು. ನಿದ್ದೆ ಹೋಯಿತು. ನಾಲ್ಕನೆಯ ವಾರಕ್ಕೆ ರಕ್ತ ಕಾಣಿಸಿತು. ದಿನ ಬಿಟ್ಟು ದಿನ, ಒಮ್ಮೆ ಕಲೆಯಷ್ಟು, ಒಮ್ಮೆ ಬಟ್ಟೆ ತೊಯ್ಯುವಷ್ಟು. ಆರನೆಯ ವಾರಕ್ಕೆ ನಾನು ಎಲ್ಲ ಮದ್ದನ್ನೂ ಕಪಾಟಿಗೆ ಎಸೆದೆ. ಮನೆಯಲ್ಲಿ ಹೆದರಿಕೊಂಡು ಹತ್ತಿರದ ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿ ಕೇಳಿದ ಪ್ರಶ್ನೆ ಎರಡೇ. ಮಕ್ಕಳು ಎಷ್ಟು? ಎರಡು. ಇನ್ನು ಬೇಕಾ? ಬೇಡ. ಹಾಗಾದರೆ ಗರ್ಭಚೀಲ ಇಟ್ಟುಕೊಂಡು ಏನು ಮಾಡುತ್ತೀರಿ, ತೆಗೆಸಿಬಿಡಿ, ಮುಂದೆ ಕ್ಯಾನ್ಸರಿನ ಭಯವೂ ಇಲ್ಲ. ಯಾವ ಮದ್ದು ತೆಗೆದುಕೊಳ್ಳುತ್ತಿದ್ದೆ, ಯಾವಾಗ ಬದಲಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾಯಿತು. ನನ್ನ ಯಜಮಾನರು ಅಡಿಕೆ ಮಂಡಿಯಲ್ಲಿ ಮುಂಗಡ ತಂದರು.

ಆ ದುಡ್ಡು ಎಣಿಸುತ್ತಿದ್ದಾಗ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಜಗುಲಿಯಲ್ಲಿ ಕೂತಿದ್ದರು. ಅವರು ಹೇಳಿದ ಮಾತನ್ನು ನಾನು ಮರೆಯುವ ಹಾಗಿಲ್ಲ. "ಅಕ್ಕೋರೆ, ನಂದು ತೆಗೆದು ಹದಿನಾಲ್ಕು ವರ್ಷ ಆತು. ಆವಾಗ ನಂಗೆ ಮೂವತ್ನಾಕು. ಬಿಳಿ ಸೆರಗು ಹೋಗ್ತದೆ ಅಂತ ಹೋದ್ರೆ ಚೀಲನೇ ತೆಗೆದ್ರು. ಅವತ್ತಿಂದ ಈ ಸೊಂಟ ನಂದಲ್ಲ. ಸಾಲ ತೀರಿದ್ದು ಮೊನ್ನೆ." ಗರ್ಭಚೀಲದ ಜೊತೆಗೆ ಅಂಡಾಶಯವನ್ನೂ ತೆಗೆದರೋ ಇಲ್ಲವೋ ಎಂಬುದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಚೀಟಿಯಲ್ಲಿ ಬರೆದಿದ್ದರೂ ಓದಿ ಹೇಳಿದವರಿಲ್ಲ.

ಆಕೆ ಒಬ್ಬಳೇ ಅಲ್ಲ. ನಾನು ಮೊದಲು ಹೇಳಿದ ಅದೇ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 3.3 ಮಂದಿ ಗರ್ಭಚೀಲ ತೆಗೆಸಿಕೊಂಡವರು; ತೆಗೆಸಿಕೊಂಡಾಗಿನ ವಯಸ್ಸು ನಡುಮಟ್ಟದಲ್ಲಿ 34ರ ಆಸುಪಾಸು; ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ಆದವು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ತಮಗೆ ಬೇಡದ ಆಪರೇಷನ್ ಮಾಡಿದರೆಂದು ದೂರಿ ಬೀದಿಗಿಳಿದರು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು, ಅನವಶ್ಯಕವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆಜ್ಞೆ ಮಾಡಿತು. ನಿಜವಾಗಿ ತೆಗೆಯಲೇಬೇಕಾದ ರೋಗಗಳಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮದ್ದು ಬದಲಾದದ್ದರಿಂದ ಬಂದ ಸ್ರಾವಕ್ಕೆ ಕತ್ತಿ ಹಾಕುವುದು, ಬೇಲಿ ಬಿದ್ದಿತೆಂದು ತೋಟ ಮಾರಿದಂತೆ.

ಆ ಅಕ್ಕನ ಮಾತು ಕೇಳಿ ನಾನು ಮಾರನೆಯ ದಿನ ಬೆಳಗಿನ ಬಸ್ಸು ಹಿಡಿದು ಹಳೆಯ ಡಾಕ್ಟರಮ್ಮನ ಹತ್ತಿರವೇ ಹೋದೆ. ಈ ಸಲ ಎರಡು ನಿಮಿಷಕ್ಕೆ ಏಳಲಿಲ್ಲ. ಮಾಡಿದ ತಪ್ಪನ್ನೆಲ್ಲ ಒಪ್ಪಿಸಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು, "ಅಕ್ಕೋರೆ, ಬಿಡಲೇಬಾರದ್ದನ್ನೇ ಬಿಟ್ಟಿದ್ದೀರಲ್ಲ" ಎಂದರು.

ಗುಳಿಗೆ ಯಾಕೆ ಬೇಕೆಂಬುದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಈಸ್ಟ್ರೋಜನ್ ಗರ್ಭಚೀಲದ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಆ ಬೆಳವಣಿಗೆಯನ್ನು ಹತೋಟಿಯಲ್ಲಿಟ್ಟು, ಹಳೆಯದು ಕಳಚಿಹೋಗುವಂತೆ ಮಾಡುತ್ತದೆ. ಒಂದನ್ನೇ ಕೊಟ್ಟು ಇನ್ನೊಂದನ್ನು ಬಿಟ್ಟರೆ ಪದರ ದಪ್ಪವಾಗುತ್ತ ಹೋಗಿ, ಕಾಲಾಂತರದಲ್ಲಿ ಕ್ಯಾನ್ಸರಿಗೂ ದಾರಿಯಾಗಬಹುದು. ಇದನ್ನು ಜಗತ್ತು ಕಲಿತದ್ದು ಹೆಂಗಸರ ಪ್ರಾಣದ ಬೆಲೆ ತೆತ್ತು. ಅಮೆರಿಕದಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ 1942ರಲ್ಲೇ ಮಾರುಕಟ್ಟೆಗೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಡಾಕ್ಟರು, ಈ ಮಾತ್ರೆ ನುಂಗಿದರೆ ಹೆಂಗಸು ಸದಾ ಯುವತಿಯಾಗಿರುತ್ತಾಳೆಂದು ಒಂದು ಪುಸ್ತಕವನ್ನೇ ಬರೆದ. ಅವನ ಪ್ರಚಾರದ ಹಿಂದೆ ಔಷಧ ಕಂಪನಿಯ ಹಣವಿತ್ತೆಂಬ ಸಂಗತಿ ಬಹಳ ವರ್ಷಗಳ ಮೇಲೆ ಅವನ ಮಗನ ಬಾಯಿಂದಲೇ ಹೊರಬಿತ್ತು. ಲಕ್ಷಾಂತರ ಹೆಂಗಸರು ಈಸ್ಟ್ರೋಜನ್ ಒಂದನ್ನೇ ನುಂಗಿದರು. 1975ರಲ್ಲಿ ಅಂಥವರಲ್ಲಿ ಗರ್ಭಚೀಲದ ಒಳಪದರದ ಕ್ಯಾನ್ಸರು ಹಲವು ಪಟ್ಟು ಹೆಚ್ಚಿದೆಯೆಂಬ ಸಂಶೋಧನೆಗಳು ಪ್ರಕಟವಾದವು. ಅಲ್ಲಿಂದ ಮುಂದೆ ಗರ್ಭಚೀಲ ಇರುವವಳಿಗೆ ಎರಡನ್ನೂ ಜೊತೆಗೆ ಕೊಡುವುದು ನಿಯಮವಾಯಿತು.

ಆಮೇಲೆ ತಕ್ಕಡಿ ಇನ್ನೊಂದು ಕಡೆಗೆ ಪೂರಾ ವಾಲಿತು. 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಪರೀಕ್ಷೆಯನ್ನು 2002ರ ಜುಲೈನಲ್ಲಿ ಅಮೆರಿಕದವರು ನಡುವೆಯೇ ನಿಲ್ಲಿಸಿದರು. ಎರಡೂ ಹಾರ್ಮೋನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರು, ಹೃದಯದ ಬೇನೆ, ಪಾರ್ಶ್ವವಾಯು ಹೆಚ್ಚಿತೆಂದು ಪತ್ರಿಕೆಗಳು ಬರೆದವು. ಜಗತ್ತಿನ ತುಂಬ ಹೆಂಗಸರು ಹೆದರಿ ಮದ್ದು ಬಿಟ್ಟರು. ಹೆಚ್ಚಿದ್ದು ಎಷ್ಟು? ಸ್ತನ ಕ್ಯಾನ್ಸರಿನ ಮಟ್ಟಿಗೆ ವರ್ಷಕ್ಕೆ 10,000 ಹೆಂಗಸರಲ್ಲಿ 8 ಜನ. ಆ 8 ಜನರೂ ಜೀವವೇ, ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಆ ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತಾರು ವರ್ಷ ಕಳೆದವರೇ ಬಹಳ. 46ರ, 50ರ ಹೆಂಗಸಿನ ಮಾತು ಬೇರೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಈ ಮದ್ದುಗಳ ಪೊಟ್ಟಣದ ಮೇಲೆ ಹಾಕಿಸಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಸಲು ಮುಂದಾಯಿತು. ಆದರೆ ಒಂದನ್ನು ಉಳಿಸಿಕೊಂಡಿತು. ಯಾವುದು ಗೊತ್ತೆ? ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಚೀಲದ ಒಳಪದರಕ್ಕೆ ಕ್ಯಾನ್ಸರಿನ ಅಪಾಯ ಎಂಬುದನ್ನು. ಅಂದರೆ ಅಡಿಕೆ ಸುಲಿಯುತ್ತ ಕೂತು ನಾನು ಮಾಡಿದ ತಪ್ಪು ಯಾವುದೋ ಅದನ್ನೇ.

ಡಾಕ್ಟರಮ್ಮ ಸ್ಕ್ಯಾನಿಂಗು ಮಾಡಿಸಿ ಪದರದ ದಪ್ಪ ನೋಡಿದರು, ಹೆದರುವಂಥದ್ದೇನೂ ಇರಲಿಲ್ಲ. ಆಮೇಲೆ ನನ್ನ ಕೈಯಲ್ಲಿ ಬರೆಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಜೆಲ್ಲನ್ನು ಮಿಂದ ಮೇಲೆ ಹಚ್ಚಬೇಕು, ತೋಳಿನ ಹೊರಬದಿಗೋ ತೊಡೆಗೋ, ಅಗಲವಾಗಿ, ತೆಳ್ಳಗೆ, ತಿಕ್ಕಬಾರದು. ಐದು ನಿಮಿಷ ಆರಲು ಬಿಟ್ಟು ಆಮೇಲೆ ರವಿಕೆ ತೊಡಬೇಕು. ಒಂದು ಗಂಟೆ ನೀರು ತಾಗಿಸಬಾರದು. ಎದೆಗೆ ಹಚ್ಚಬಾರದು. ಹಚ್ಚಿದ ಕೈ ತೊಳೆಯದೆ, ಹಚ್ಚಿದ ಜಾಗ ಆರದೆ ಮಗುವನ್ನು ಎತ್ತಿಕೊಳ್ಳಬಾರದು. ಗದ್ದೆಗೆ ಇಳಿಯುವವರು ಬೆಳಿಗ್ಗೆಯ ಬದಲು ರಾತ್ರಿ ಮಿಂದು ಹಚ್ಚಿಕೊಂಡರೂ ಆಗುತ್ತದೆ, ದಿನವೂ ಅದೇ ಹೊತ್ತಾಗಿದ್ದರೆ ಸಾಕು. ಗುಳಿಗೆಯನ್ನು ಕೆಲಸವೆಲ್ಲ ಮುಗಿದು ಹಾಸಿಗೆಗೆ ಹೋಗುವ ಹೊತ್ತಿಗೆ ನುಂಗಬೇಕು, ಊಟದ ಜೊತೆಗಲ್ಲ. ಊಟದ ಜೊತೆ ಅದು ಹೆಚ್ಚಾಗಿ ರಕ್ತಕ್ಕೆ ಸೇರಿ ತಲೆ ತಿರುಗಿಸುತ್ತದೆ. ಮಲಗುವ ಮುಂಚೆ ನುಂಗಿದರೆ ಅದೇ ಮಂಪರು ನಿದ್ದೆಗೆ ಅನುಕೂಲ. ಶನಿಯೆಂದು ಬೈದಿದ್ದ ಗುಳಿಗೆಯಿಂದಲೇ ನಾನೀಗ ನಿದ್ದೆ ಮಾಡುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು ಕಾಲದ ಲೆಕ್ಕ. ಮದ್ದು ಶುರುಮಾಡಿದರೂ ಬದಲಾಯಿಸಿದರೂ ಮೈ ಒಗ್ಗಿಕೊಳ್ಳಲು ಮೂರು ತಿಂಗಳಾದರೂ ಬೇಕು. ಆ ಮೂರು ತಿಂಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸ್ವಲ್ಪ ರಕ್ತ ಕಾಣಬಹುದು, ಎದೆ ನೋಯಬಹುದು, ಹೊಟ್ಟೆ ಉಬ್ಬರಿಸಬಹುದು, ಮನಸ್ಸು ಕುಗ್ಗಬಹುದು. ಝಳ ಮತ್ತೆ ಬಂದರೆ ಈಸ್ಟ್ರೋಜನ್ ಸಾಲುತ್ತಿಲ್ಲ ಎಂದಿರಬಹುದು. ಎದೆ ಬಿಗಿದು ನೋಯುತ್ತಿದ್ದರೆ ಹೆಚ್ಚಾಗಿರಬಹುದು. ಆದರೆ ಎರಡು ವಾರಕ್ಕೊಮ್ಮೆ ಬದಲಾಯಿಸುತ್ತ ಹೋದರೆ ಯಾವುದರಿಂದ ಏನಾಯಿತೆಂದು ಡಾಕ್ಟರಿಗೂ ತಿಳಿಯುವುದಿಲ್ಲ. ತಡೆಯಲಾಗದಿದ್ದರೆ ಹೋಗಿ ಹೇಳಬೇಕು. ಮನೆಯಲ್ಲೇ ಕೂತು ಅರ್ಧ ಬಿಟ್ಟು ಅರ್ಧ ನುಂಗಬಾರದು. ಮೂರು ತಿಂಗಳು ಕಳೆದ ಮೇಲೂ ಸ್ರಾವ ಹಾಗೆಯೇ ಇದ್ದರೆ, ಅಥವಾ ಮೊದಲೇ ಗಡ್ಡೆಗಟ್ಟಲೆ ಹೋದರೆ, ತೋರಿಸಲೇಬೇಕು. ಮುಟ್ಟು ನಿಂತು ವರ್ಷ ಕಳೆದವಳಿಗೆ ಯಾವ ಮದ್ದೂ ಇಲ್ಲದೆ ರಕ್ತ ಕಂಡರೆ ಒಂದು ವಾರವೂ ಕಾಯಬಾರದು. ಒಂದು ಕಾಲು ಮಾತ್ರ ಬಾತು ನೋಯುವುದು, ಥಟ್ಟನೆ ಉಸಿರು ಕಟ್ಟುವುದು, ಎದೆ ನೋವು, ಮಾತು ತೊದಲುವುದು ಇವಕ್ಕೆ ಮೂರು ತಿಂಗಳ ಲೆಕ್ಕ ಅನ್ವಯಿಸುವುದಿಲ್ಲ; ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಸ್ತನ ಕ್ಯಾನ್ಸರು ಆಗಿದ್ದವರು, ರಕ್ತ ಗಡ್ಡೆಕಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು, ಪಿತ್ತಜನಕಾಂಗದ ಬೇನೆ ಇದ್ದವರು ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಅಂಥವರಿಗೆ ಸಾಮಾನ್ಯವಾಗಿ ಈ ಮದ್ದು ಕೊಡುವುದಿಲ್ಲ. ಇನ್ನೊಂದು, ಇದು ಗರ್ಭ ತಡೆಯುವ ಮದ್ದಲ್ಲ. ಮುಟ್ಟು ಹಿಂದುಮುಂದಾಗುವ ಕಾಲದಲ್ಲೂ ಗರ್ಭ ನಿಲ್ಲಬಹುದು. ನಲವತ್ತೇಳಕ್ಕೆ ಬಸಿರಾಗಿ ಸೊಸೆಯ ಮುಂದೆ ತಲೆ ತಗ್ಗಿಸಿದವರ ಕಥೆ ನಿಮಗೂ ಗೊತ್ತಿರಬಹುದು. ತಲೆ ತಗ್ಗಿಸಬೇಕಾದವರು ಅವರೊಬ್ಬರೇ ಅಲ್ಲ ಎಂಬುದೂ ಗೊತ್ತಿರಲಿ. (ಹಿಂದಿನ ಸಾಲಿನಲ್ಲಿ ಸದ್ದು.)

ಬದಲಾವಣೆ ಯಾವಾಗಲೂ ಡಾಕ್ಟರರ ಚೀಟಿಯಿಂದಲೇ ಆಗುವುದಿಲ್ಲ. ಔಷಧದಂಗಡಿಯಲ್ಲಿ, ಅದು ಬಂದಿಲ್ಲ, ಇದೂ ಅದೇ, ತಗೊಳ್ಳಿ ಎಂದು ಬೇರೆ ಪೊಟ್ಟಣ ಕೊಡುತ್ತಾರೆ. ಕೆಲವೊಮ್ಮೆ ಅದು ನಿಜವಾಗಿ ಅದೇ ಇರುತ್ತದೆ, ಹೆಸರು ಮಾತ್ರ ಬೇರೆ. ಕೆಲವೊಮ್ಮೆ ಬೇರೆ ಜಾತಿಯ ಈಸ್ಟ್ರೋಜನ್ನೇ ಇರುತ್ತದೆ. ಪೊಟ್ಟಣದ ಮೇಲಿನ ಅಂಕಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಕುದುರೆ ಮೂತ್ರದಿಂದ ತೆಗೆದದ್ದು 0.625 ಮಿಲಿಗ್ರಾಂ, ಎಸ್ಟ್ರಡಯಾಲ್ ಎಂಬ ಮಾತ್ರೆ 1 ಮಿಲಿಗ್ರಾಂ, ಅಂಟಿಸುವ ಪಟ್ಟಿ 50 ಮೈಕ್ರೋಗ್ರಾಂ, ಈ ಮೂರೂ ಹೆಚ್ಚುಕಡಿಮೆ ಒಂದೇ ಬಲದವು. ಅಂಕಿ ದೊಡ್ಡದಾದರೆ ಮದ್ದು ದೊಡ್ಡದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳೆಯ ಪೊಟ್ಟಣವನ್ನು ಎಸೆಯಬೇಡಿ. ಹೊಸದು ಕೊಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಓದಲು ಬಾರದಿದ್ದರೆ ಶಾಲೆಗೆ ತನ್ನಿ, ನಮ್ಮ ಐದನೆಯ ತರಗತಿಯ ಮಗು ಓದಿ ಹೇಳುತ್ತದೆ.

ಮದ್ದು ಸಿಗದಿರುವ ತೊಂದರೆ ನಮಗಷ್ಟೇ ಅಲ್ಲ. 2022ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಜೆಲ್ಲು ಅಂಗಡಿಗಳಲ್ಲಿ ಮುಗಿದುಹೋಯಿತು. ಅಲ್ಲಿಯ ಹೆಂಗಸರು ಗದ್ದಲ ಎಬ್ಬಿಸಿದರು. ಪತ್ರಿಕೆಗಳು ಬರೆದವು, ಪಾರ್ಲಿಮೆಂಟಿನಲ್ಲಿ ಪ್ರಶ್ನೆಯಾಯಿತು. ಸರ್ಕಾರ ಒಬ್ಬೊಬ್ಬರಿಗೆ ಮೂರು ತಿಂಗಳಿಗಿಂತ ಹೆಚ್ಚು ಕೊಡಬಾರದೆಂದು ಮಿತಿ ಹಾಕಿ ಇದ್ದದ್ದನ್ನು ಹಂಚಿತು. ನಮ್ಮ ಆನವಟ್ಟಿಯಲ್ಲೋ ಸೊರಬದಲ್ಲೋ ಈ ಮದ್ದು ಮುಗಿದರೆ ಯಾರಿಗೆ ಗೊತ್ತಾಗುತ್ತದೆ? ಕೇಳುವವರೇ ನಾಲ್ಕು ಜನ. ಆ ನಾಲ್ಕು ಜನರೂ ಪಿಸುಮಾತಿನಲ್ಲಿ ಕೇಳಿ, ಇಲ್ಲವೆಂದರೆ ತಲೆಯಾಡಿಸಿ ಮನೆಗೆ ಬರುತ್ತಾರೆ.

ನನಗೆ ಸಂಬಳ ಬರುತ್ತದೆ. ಜೆಲ್ಲಿಗೂ ಗುಳಿಗೆಗೂ ಬಸ್ಸಿಗೂ ಸೇರಿ ತಿಂಗಳಿಗೆ ನನಗಾಗುವ ಖರ್ಚು ನಮ್ಮ ತೋಟಕ್ಕೆ ಬರುವ ಆ ಅಕ್ಕನ ಹಲವು ದಿನದ ಕೂಲಿ. ಹಾಗಾದರೆ ಝಳ, ಬೆವರು, ನಿದ್ದೆಗೇಡು ಇವು ಕೂಲಿಯವಳಿಗೆ ಬರುವುದಿಲ್ಲವೆ? ಬರುತ್ತವೆ. ಮದ್ದು ಮಾತ್ರ ಬರುವುದಿಲ್ಲ. ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆಸಿಕೊಂಡವರಿಗಂತೂ, ತೆಗೆದುಕೊಳ್ಳಬಾರದೆಂಬ ಕಾರಣ ಬೇರೆ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನ ತನಕ ಹಾರ್ಮೋನು ಕೊಡಬೇಕೆಂಬುದು ಇಂದಿನ ವೈದ್ಯಶಾಸ್ತ್ರದ ಮಾತು. ಇಲ್ಲದಿದ್ದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ. ಆ ಅಕ್ಕನಿಗೆ ಮೂವತ್ತನಾಲ್ಕರಿಂದ ಇಲ್ಲಿಯವರೆಗೆ ಒಂದು ಮಾತ್ರೆಯನ್ನೂ ಯಾರೂ ಕೊಟ್ಟಿಲ್ಲ. ಸೊಂಟ ನೋವೆಂದರೆ ನೋವಿನ ಇಂಜೆಕ್ಷನ್ನು.

ಆದ್ದರಿಂದ ಈ ಸಭೆಯ ಪರವಾಗಿ ನಾವು ಒಂದು ಮನವಿ ಬರೆದಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ನಲವತ್ತು ದಾಟಿದ ಹೆಂಗಸರಿಗಾಗಿಯೇ ಇರಬೇಕು, ಅಂದು ಬಿ.ಪಿ. ನೋಡಿ, ಎದೆ ಪರೀಕ್ಷಿಸಿ, ಕೂರಿಸಿ ಮಾತಾಡಿಸಬೇಕು. ಈ ಎರಡು ಹಾರ್ಮೋನುಗಳು ಸರ್ಕಾರಿ ಔಷಧಾಲಯದಲ್ಲಿ ಸಿಗಬೇಕು. ಮದ್ದು ಬದಲಾಯಿಸಿದಾಗ ಹೇಗೆ ತೆಗೆದುಕೊಳ್ಳಬೇಕೆಂಬುದನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಬೇಕು. ಬಸುರಿಯರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇದನ್ನೂ ಕಲಿಸಬೇಕು, ಮತ್ತು ಕಲಿಸಿ ಕೆಲಸ ಹೊರಿಸುವುದಾದರೆ ಅದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಗರ್ಭಚೀಲ ತೆಗೆಯಬೇಕೆಂದು ಯಾರು ಹೇಳಿದರೂ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಖರ್ಚಿಲ್ಲದೆ ಸಿಗುವ ಏರ್ಪಾಡು ಆಗಬೇಕು. ಸಹಿ ಹಾಕುವವರು ಹಾಕಿ, ಹೆಬ್ಬೆಟ್ಟು ಒತ್ತುವವರು ಒತ್ತಿ. ಹಿಂದಿನ ಸಾಲಿನವರಿಗೂ ಹಾಳೆ ಕಳಿಸುತ್ತೇವೆ.

ನನ್ನ ಸ್ರಾವ ಎಂದು ನಿಂತಿತು, ಝಳ ಎಂದು ಇಳಿಯಿತು ಎಂಬುದೆಲ್ಲ ಈ ಗೋಡೆ ಕ್ಯಾಲೆಂಡರಿನಲ್ಲಿದೆ, ಜೊತೆಗೆ ತಂದಿದ್ದೇನೆ. ಕೆಂಪು ಚುಕ್ಕಿ ಸ್ರಾವಕ್ಕೆ, ಅಡ್ಡಗೆರೆ ಝಳಕ್ಕೆ, ಸೊನ್ನೆ ನಿದ್ದೆಯಿಲ್ಲದ ರಾತ್ರಿಗೆ. ಮೊದಲ ತಿಂಗಳ ಹಾಳೆ ನೋಡಿದರೆ ಕೋಳಿ ಕೆದರಿದಂತಿದೆ. ಮೂರನೆಯ ತಿಂಗಳಲ್ಲಿ ಗೆರೆ ಐದೇ. ಅಕ್ಷರ ಬರಬೇಕೆಂದಿಲ್ಲ, ಯಾರು ಬೇಕಾದರೂ ಗುರುತು ಹಾಕಬಹುದು. ಡಾಕ್ಟರರ ಮುಂದೆ ಇಟ್ಟರೆ ಎರಡು ನಿಮಿಷದಲ್ಲೂ ಅವರಿಗೆ ಅರ್ಥವಾಗುತ್ತದೆ. ಕೈಯಿಂದ ಕೈಗೆ ದಾಟಿಸಿ ನೋಡಿ. ಇಲ್ಲಿ ಕೇಳಲು ಸಂಕೋಚವಾದವರು ಆಮೇಲೆ ಬನ್ನಿ. ಕೊನೆಯ ಬಸ್ಸು ಬರುವ ತನಕ ನಾನು ಈ ಜಗುಲಿಯಲ್ಲೇ ಇರುತ್ತೇನೆ.